ಕಾಯೋತ್ಸರ್ಗದಲ್ಲಿ ಉಚ್ಛ್ವಾಸಪ್ರಮಾಣ: ಕೃಷ್ಣಾ-ದೂಧಗಂಗಾ ಪರಿಸರದ ಪರಂಪರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ಪೀಠಿಕೆ

ಶ್ವಾಸವನ್ನು ಆಶ್ರಯಿಸಿದ ಯೋಗಾಭ್ಯಾಸದಿಂದ ಮನಸ್ಸಿನ ಉದ್ವೇಗ ಶಮನವಾಗುತ್ತದೆ, ಕಷ್ಟಗಳನ್ನು ತಾಳಿಕೊಳ್ಳುವ ಶಕ್ತಿ ಬೆಳೆಯುತ್ತದೆ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ವಿಶ್ವಸಂಸ್ಥೆಯು ೨೦೧೪ರಲ್ಲಿ ಜೂನ್ ೨೧ನ್ನು ಅಂತಾರಾಷ್ಟ್ರೀಯ ಯೋಗದಿನವೆಂದು ಘೋಷಿಸಿದ ಮೇಲಂತೂ ಈ ವಿಷಯಕ್ಕೆ ಹೆಚ್ಚಿನ ಪ್ರಚಾರ ದೊರೆತಿದೆ. ಈ ಸಂದರ್ಭದಲ್ಲಿ ಜೈನಾಚಾರದ ಕಾಯೋತ್ಸರ್ಗದ ಬಗೆಗೆ ಎರಡು ವಿರುದ್ಧ ಅಭಿಪ್ರಾಯಗಳು ರೂಢಿಗೆ ಬಂದಿರುವುದನ್ನು ಕಾಣುತ್ತೇವೆ. ಕಾಯೋತ್ಸರ್ಗವೂ ಪ್ರಾಣಾಯಾಮದ ಒಂದು ಭೇದವೇ ಎಂಬುದು ಒಂದು. ಜೈನಮತವು ಪ್ರಾಣಾಯಾಮವನ್ನು ನಿರಾಕರಿಸಿರುವುದರಿಂದ ಶ್ವಾಸಕ್ಕೂ ಜೈನಸಾಧನೆಗೂ ಸಂಬಂಧವೇ ಇಲ್ಲವೆಂಬುದು ಇನ್ನೊಂದು. ಗ್ರಂಥಗಳನ್ನು ಪರಿಶೀಲಿಸಿದರೆ ಇವೆರಡೂ ನಿಲ್ಲುವುದಿಲ್ಲ. ನಮ್ಮ ಆಚಾರಗ್ರಂಥಗಳು ಕಾಯೋತ್ಸರ್ಗದ ಕಾಲವನ್ನು ಘಟಿಕೆಗಳಿಂದ ಹೇಳದೆ ಉಚ್ಛ್ವಾಸಗಳಿಂದಲೇ ಹೇಳಿವೆ. ನಮ್ಮ ನ್ಯಾಯಗ್ರಂಥಗಳು ಶ್ವಾಸನಿರೋಧವನ್ನು ಸ್ಪಷ್ಟವಾಗಿ ಅಲ್ಲಗಳೆದಿವೆ. ಈ ಎರಡು ಸಂಗತಿಗಳ ನಡುವಣ ಸಾಮರಸ್ಯವನ್ನು ಅರಿಯುವುದೂ, ಉಚ್ಛ್ವಾಸವೆಂಬ ಮಾನ ಯಾವುದೆಂದು ನಿರ್ಣಯಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಪ್ರತಿಕ್ರಮಣ, ಸಾಮಾಯಿಕ, ದೇವವಂದನೆಗಳ ಪಾಠಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಒಂಬತ್ತು ಜಾಪ್ಯಗಳ ಕಾಯೋತ್ಸರ್ಗವನ್ನು ಶ್ರಾವಕರು ಹೇಗೆ ಮಾಡಬೇಕೆಂಬುದು ಈ ನಿರ್ಣಯವನ್ನು ಅವಲಂಬಿಸಿದೆ. ಕೆಲವೇ ಕ್ಷಣಗಳಲ್ಲಿ ತುಟಿಯಾಡಿಸಿ ಮುಗಿಸುವುದೇ, ಉಸಿರು ಬಿಗಿಹಿಡಿದು ನಿಲ್ಲುವುದೇ, ಅಥವಾ ಬೇರೊಂದು ವಿಧಾನವಿದೆಯೇ ಎಂಬುದಕ್ಕೆ ಗ್ರಂಥಗಳಲ್ಲಿ ಉತ್ತರವಿದೆ.

೨. ಪ್ರದೇಶ ಮತ್ತು ಪರಂಪರೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳು ಕೃಷ್ಣೆಯೂ ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾಗಳೂ ಹರಿಯುವ ಫಲವತ್ತಾದ ಭೂಭಾಗ. ಇವುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಈಚೆಗೆ ಬೇರ್ಪಟ್ಟು ಸ್ವತಂತ್ರ ತಾಲೂಕುಗಳಾದವು. ಕನ್ನಡ ಮರಾಠಿಗಳೆರಡನ್ನೂ ಆಡುವ, ಬಹುಮಟ್ಟಿಗೆ ಒಕ್ಕಲುತನವನ್ನೇ ಅವಲಂಬಿಸಿದ ಚತುರ್ಥ, ಪಂಚಮ ಜೈನ ಸಮಾಜಗಳು ಇಲ್ಲಿ ಊರೂರಿಗೂ ಬಸದಿಗಳನ್ನು ಕಟ್ಟಿಕೊಂಡು ನೆಲೆಸಿವೆ.

ಈ ಭಾಗದ ಜೈನ ಇತಿಹಾಸ ಪ್ರಾಚೀನವಾದುದು. ರಾಯಬಾಗವು ಶಾಸನಗಳಲ್ಲಿ ಹೂವಿನಬಾಗೆಯೆಂದು ಹೆಸರಾಗಿದ್ದು ರಟ್ಟರ ಕಾಲದಲ್ಲಿ ಗಣ್ಯ ಜೈನಕೇಂದ್ರವಾಗಿತ್ತು. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ ಕ್ರಿ.ಶ. ೧೩೯೪ರ ಶಾಸನವು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ ಇವರ ಹೆಸರುಗಳನ್ನು ಉಳಿಸಿದೆ. ಯಾಪನೀಯರ ಇತಿಹಾಸದಲ್ಲಿ ಇದು ತೀರ ಕೊನೆಯ ಉಲ್ಲೇಖಗಳಲ್ಲೊಂದು. ಈ ಸಂಘದ ಇತಿಹಾಸವನ್ನು ಶೋಧಿಸಿ ವಿದ್ವಲ್ಲೋಕದ ಮುಂದಿಟ್ಟವರಲ್ಲಿ ಪ್ರಮುಖರಾದ ಡಾ. ಆ. ನೇ. ಉಪಾಧ್ಯೆಯವರು (೧೯೦೬-೧೯೭೫) ಇದೇ ಪ್ರದೇಶದ ಸದಲಗಾ ಗ್ರಾಮದವರು. ಉಪಾಧ್ಯೆ ಎಂಬ ಹೆಸರೇ ಬಸದಿಯ ಪೂಜಾವಿಧಿಯನ್ನು ನಡೆಸಿಕೊಂಡು ಬಂದ ಮನೆತನವನ್ನು ಸೂಚಿಸುತ್ತದೆ.

ತ್ಯಾಗಿಪರಂಪರೆಯ ದೃಷ್ಟಿಯಿಂದಲೂ ಈ ನೆಲದ ಋಣ ದೊಡ್ಡದು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಮಾರ್ಗವನ್ನು ಪುನರುಜ್ಜೀವನಗೊಳಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು (೧೮೭೨-೧೯೫೫) ದೂಧಗಂಗಾ-ವೇದಗಂಗಾ ಸಂಗಮದ ಬಳಿಯ ಭೋಜ ಗ್ರಾಮದ ಪಾಟೀಲ ಮನೆತನದವರು. ರತ್ನಾಕರನ ಶತಕಗಳನ್ನು ಹಿಂದಿಗೆ ತಂದ ಆಚಾರ್ಯ ದೇಶಭೂಷಣರು ಕೋಥಳಿಯವರು. ಆಚಾರ್ಯ ವಿದ್ಯಾನಂದರು (೧೯೨೫-೨೦೧೯) ಶೇಡಬಾಳದವರು. ಆಚಾರ್ಯ ವಿದ್ಯಾಸಾಗರರು (೧೯೪೬-೨೦೨೪) ಸದಲಗಾದವರು. ಇಷ್ಟು ಸಣ್ಣ ವಲಯದಿಂದ ಒಂದೇ ಶತಮಾನದಲ್ಲಿ ಇಂಥ ನಾಲ್ವರು ಆಚಾರ್ಯರು ಹೊರಬಂದುದು ಗಮನಾರ್ಹ. ನೆರೆಯ ಶೈವ ಪರಂಪರೆಯಲ್ಲಿಯೂ ಯೋಗದ ಹೆಸರಿನಿಂದಲೇ ಪ್ರಸಿದ್ಧರಾದ ಅಥಣಿಯ ಮುರುಘೇಂದ್ರ ಶಿವಯೋಗಿಗಳು (೧೮೩೬-೧೯೨೧) ಇದೇ ಕಾಲದವರು. ಈ ಪ್ರದೇಶದಲ್ಲಿ ಯೋಗವೆಂಬುದು ಹೊಸದಾಗಿ ಹೊರಗಿನಿಂದ ಬಂದ ವಸ್ತುವಲ್ಲ.

೩. ಕಾಯೋತ್ಸರ್ಗದ ಸ್ವರೂಪ

ಷಡಾವಶ್ಯಕಗಳಲ್ಲಿ ಕಾಯೋತ್ಸರ್ಗವೂ ಒಂದು. ಕಾಯದ ಉತ್ಸರ್ಗವೆಂದರೆ ದೇಹತ್ಯಾಗವಲ್ಲ, ದೇಹದಲ್ಲಿನ ಮಮತೆಯ ತ್ಯಾಗ. ಎರಡು ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿಟ್ಟು, ತೋಳುಗಳನ್ನು ನೀಳವಾಗಿ ಇಳಿಬಿಟ್ಟು, ಅಂಗಾಂಗಗಳನ್ನು ಚಲಿಸದೆ ನಿಲ್ಲುವುದು ಇದರ ಬಾಹ್ಯಲಕ್ಷಣ. ವಟ್ಟಕೇರಾಚಾರ್ಯರ ಮೂಲಾಚಾರವು ಇದರ ಕನಿಷ್ಠ ಕಾಲವನ್ನು ಅಂತರ್ಮುಹೂರ್ತವೆಂದೂ ಗರಿಷ್ಠ ಕಾಲವನ್ನು ಒಂದು ವರ್ಷವೆಂದೂ ಹೇಳುತ್ತದೆ. ಬಾಹುಬಲಿಯ ಪ್ರತಿಮಾಯೋಗ ಈ ಗರಿಷ್ಠ ಕಾಲದ ಆದರ್ಶ. ಘೋಟಕ, ಲತಾ, ಸ್ತಂಭ, ಕುಡ್ಯ ಮೊದಲಾದ ದೋಷಗಳ ಪಟ್ಟಿಯನ್ನು ಗಮನಿಸಿದರೆ ಕುದುರೆಯಂತೆ ಕಾಲೆತ್ತುವುದು, ಬಳ್ಳಿಯಂತೆ ತೂಗುವುದು, ಕಂಬಕ್ಕೂ ಗೋಡೆಗೂ ಒರಗುವುದು ಇವೆಲ್ಲ ನಿಷಿದ್ಧವೆಂದು ತಿಳಿಯುತ್ತದೆ.

ಆದರೆ ನಿಂತ ಮಾತ್ರಕ್ಕೆ ಕಾಯೋತ್ಸರ್ಗ ಸಿದ್ಧಿಸುವುದಿಲ್ಲ. ಮೂಲಾಚಾರವು ಉತ್ಥಿತೋತ್ಥಿತ, ಉತ್ಥಿತನಿವಿಷ್ಟ, ಉಪವಿಷ್ಟೋತ್ಥಿತ, ಉಪವಿಷ್ಟನಿವಿಷ್ಟ ಎಂಬ ನಾಲ್ಕು ಭೇದಗಳನ್ನು ಮಾಡಿದೆ. ದೇಹ ನಿಂತಿದ್ದು ಮನಸ್ಸು ಆರ್ತರೌದ್ರಗಳಲ್ಲಿ ಬಿದ್ದಿದ್ದರೆ ಅವನು ನಿಂತೂ ಕುಳಿತವನು. ದೇಹ ಕುಳಿತಿದ್ದು ಮನಸ್ಸು ಧರ್ಮಶುಕ್ಲಗಳಲ್ಲಿ ನೆಲೆಸಿದ್ದರೆ ಅವನು ಕುಳಿತೂ ನಿಂತವನು. ವೃದ್ಧರಿಗೂ ರೋಗಿಗಳಿಗೂ ಈ ಸಾಧನೆಯ ಬಾಗಿಲನ್ನು ತೆರೆದಿಟ್ಟ ವಿಭಾಗವಿದು.

ಇದರ ಫಲವನ್ನು ಆವಶ್ಯಕನಿರ್ಯುಕ್ತಿಯು ಹೇಳುವ ಕ್ರಮ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ದೇಹದ ಜಡತೆ ಮತ್ತು ಬುದ್ಧಿಯ ಜಡತೆಗಳ ಶುದ್ಧಿ, ಸುಖದುಃಖಗಳ ತಿತಿಕ್ಷೆ, ಅನುಪ್ರೇಕ್ಷೆ, ಧ್ಯಾನದ ಏಕಾಗ್ರತೆ ಇವು ಅಲ್ಲಿನ ಫಲಗಳು. ಬಾಚಿಯಿಂದ ಕೆತ್ತಿದವನಲ್ಲಿಯೂ ಚಂದನ ಲೇಪಿಸಿದವನಲ್ಲಿಯೂ ಸಮಭಾವವುಳ್ಳವನಿಗೇ ಕಾಯೋತ್ಸರ್ಗವೆಂಬ ಮಾತೂ ಅಲ್ಲಿಯೇ ಬರುತ್ತದೆ. ಉತ್ತರಾಧ್ಯಯನದ ಇಪ್ಪತ್ತೊಂಬತ್ತನೆಯ ಅಧ್ಯಯನವು ಕಾಯೋತ್ಸರ್ಗದಿಂದ ಶುದ್ಧನಾದವನ ಹೃದಯವನ್ನು ಹೊರೆ ಇಳಿಸಿದ ಹೊರೆಯಾಳಿಗೆ ಹೋಲಿಸಿದೆ. ಇಂದಿನವರು ಮಾನಸಿಕ ಒತ್ತಡದ ಬಿಡುಗಡೆಯೆಂದೂ ತಾಳಿಕೆಯ ಬಲವೆಂದೂ ಎರಡಾಗಿ ಕರೆಯುವುದನ್ನು ಪ್ರಾಚೀನರು ಭಾರಾಪನಯನ, ತಿತಿಕ್ಷೆ ಎಂದು ಗುರುತಿಸಿದ್ದರು. ಒಂದು ಭೇದವನ್ನು ಮಾತ್ರ ಮರೆಯಬಾರದು. ಇಂದಿನವರಿಗೆ ಅದು ಗುರಿ. ಪ್ರಾಚೀನರಿಗೆ ಅದು ಕರ್ಮನಿರ್ಜರೆಯ ದಾರಿಯಲ್ಲಿ ತಾನಾಗಿ ದೊರೆಯುವ ಫಲ.

೪. ಉಚ್ಛ್ವಾಸಸಂಖ್ಯೆಯ ಮೂರು ಪಟ್ಟಿಗಳು

ಯಾವ ಕಾಯೋತ್ಸರ್ಗಕ್ಕೆ ಎಷ್ಟು ಉಚ್ಛ್ವಾಸಗಳೆಂಬುದನ್ನು ಹೇಳುವ ಮೂರು ಪ್ರಾಚೀನ ಆಕರಗಳನ್ನು ಹೋಲಿಸಿ ನೋಡೋಣ.

ಮೂಲಾಚಾರದ ಷಡಾವಶ್ಯಕಾಧಿಕಾರದ ಪ್ರಕಾರ ದೈವಸಿಕ ಪ್ರತಿಕ್ರಮಣಕ್ಕೆ ೧೦೮, ರಾತ್ರಿಕಕ್ಕೆ ೫೪, ಪಾಕ್ಷಿಕಕ್ಕೆ ೩೦೦, ಚಾತುರ್ಮಾಸಿಕಕ್ಕೆ ೪೦೦, ಸಾಂವತ್ಸರಿಕಕ್ಕೆ ೫೦೦ ಉಚ್ಛ್ವಾಸಗಳು. ಆಹಾರಪಾನ, ಗ್ರಾಮಾಂತರಗಮನ, ಮಲಮೂತ್ರವಿಸರ್ಜನೆ ಮೊದಲಾದವುಗಳ ಅನಂತರ ೨೫. ಗ್ರಂಥಾರಂಭ, ಗ್ರಂಥಸಮಾಪ್ತಿ, ಸ್ವಾಧ್ಯಾಯ, ವಂದನೆಗಳಲ್ಲಿ ೨೭.

ಶಿವಾರ್ಯರ ಭಗವತೀ ಆರಾಧನೆಗೆ ವಿಜಯೋದಯಾ ಟೀಕೆಯನ್ನು ಬರೆದ ಅಪರಾಜಿತಸೂರಿಯು ಕೊಡುವ ಸಂಖ್ಯೆಗಳು ಬೇರೆ. ಸಾಯಂಕಾಲಕ್ಕೆ ೧೦೦, ಪ್ರಾತಃಕಾಲಕ್ಕೆ ೫೦, ಪಕ್ಷಕ್ಕೆ ೩೦೦, ನಾಲ್ಕು ತಿಂಗಳಿಗೆ ೪೦೦, ವರ್ಷಕ್ಕೆ ೫೦೦.

ಶ್ವೇತಾಂಬರರ ಆವಶ್ಯಕನಿರ್ಯುಕ್ತಿಯಲ್ಲಿ ಕ್ರಮವಾಗಿ ೧೦೦, ೫೦, ೩೦೦, ೫೦೦, ೧೦೦೮.

ಮೊದಲ ನೋಟಕ್ಕೆ ಇವು ಬರಿಯ ಪಾಠಭೇದಗಳಂತೆ ಕಾಣುತ್ತವೆ. ಸಂಖ್ಯೆಗಳ ರಚನೆಯನ್ನು ಬಿಡಿಸಿ ನೋಡಿದರೆ ಅವುಗಳ ಹಿಂದಿನ ತರ್ಕ ಹೊಳೆಯುತ್ತದೆ. ಶ್ವೇತಾಂಬರ ಸಂಪ್ರದಾಯದಲ್ಲಿ ಗಾಥೆಯ ಒಂದು ಪಾದಕ್ಕೆ ಒಂದು ಉಚ್ಛ್ವಾಸವೆಂಬ ನಿಯಮವಿದೆ. ಚತುರ್ವಿಂಶತಿಸ್ತವವನ್ನು ಇಪ್ಪತ್ತೈದು ಪಾದಗಳವರೆಗೆ ಸ್ಮರಿಸಿದರೆ ೨೫ ಉಚ್ಛ್ವಾಸಗಳಾಗುತ್ತವೆ. ಆದ್ದರಿಂದ ೧೦೦ ಎಂದರೆ ನಾಲ್ಕು ಸ್ತವ, ೫೦ ಎಂದರೆ ಎರಡು, ೩೦೦ ಎಂದರೆ ಹನ್ನೆರಡು, ೫೦೦ ಎಂದರೆ ಇಪ್ಪತ್ತು. ೧೦೦೮ ಎಂದರೆ ನಲವತ್ತು ಸ್ತವಗಳ ಮೇಲೆ ಎಂಟು ಉಚ್ಛ್ವಾಸಗಳ ಒಂದು ನಮಸ್ಕಾರ.

ದಿಗಂಬರ ಸಂಪ್ರದಾಯದಲ್ಲಿ ಮಾನವು ಪಂಚನಮಸ್ಕಾರಮಂತ್ರ. ಅಮಿತಗತಿಯ ಶ್ರಾವಕಾಚಾರವೂ ಆಶಾಧರನ ಅನಗಾರಧರ್ಮಾಮೃತವೂ ಒಂದು ಮಂತ್ರಕ್ಕೆ ಮೂರು ಉಚ್ಛ್ವಾಸಗಳನ್ನು ಹೇಳುತ್ತವೆ. ಅರ್ಹತ್-ಸಿದ್ಧರ ಎರಡು ಪದಗಳು ಮೊದಲ ಉಸಿರಿನಲ್ಲಿ, ಆಚಾರ್ಯ-ಉಪಾಧ್ಯಾಯರ ಎರಡು ಪದಗಳು ಎರಡನೆಯದರಲ್ಲಿ, ಸಾಧುಗಳ ಪದ ಮೂರನೆಯದರಲ್ಲಿ. ಒಂಬತ್ತು ಮಂತ್ರಗಳಿಗೆ ೨೭, ಹದಿನೆಂಟಕ್ಕೆ ೫೪, ಮೂವತ್ತಾರಕ್ಕೆ ೧೦೮.

ಈಗ ಮೂಲಾಚಾರದ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ದಿನನಿತ್ಯದ ೧೦೮, ೫೪ ಮತ್ತು ಸ್ವಾಧ್ಯಾಯದ ೨೭ ಇವು ಇಪ್ಪತ್ತೇಳರ ಗುಣಕಗಳು, ಅರ್ಥಾತ್ ಮಂತ್ರಮಾನದವು. ಆದರೆ ೪೦೦, ೫೦೦ ಮತ್ತು ೨೫ ಇವುಗಳನ್ನು ಮೂರರಿಂದ ಭಾಗಿಸಲು ಬರುವುದಿಲ್ಲ. ಇವು ಇಪ್ಪತ್ತೈದರ ಗುಣಕಗಳು, ಅರ್ಥಾತ್ ಸ್ತವಮಾನದವು. ಹೀಗೆ ಒಂದೇ ಪಟ್ಟಿಯಲ್ಲಿ ಎರಡು ಮಾನಗಳು ಸೇರಿಕೊಂಡಿವೆಯೆಂದು ಊಹಿಸಲು ಅವಕಾಶವಿದೆ. ಅಪರಾಜಿತನ ಪಟ್ಟಿಯಲ್ಲಿ ಎಲ್ಲ ಸಂಖ್ಯೆಗಳೂ ಇಪ್ಪತ್ತೈದರ ಗುಣಕಗಳೇ. ಸಾಯಂಪ್ರಾತಃಕಾಲಗಳಲ್ಲಿ ಅವನು ನಿರ್ಯುಕ್ತಿಯೊಡನೆಯೂ ಚಾತುರ್ಮಾಸ-ಸಂವತ್ಸರಗಳಲ್ಲಿ ಮೂಲಾಚಾರದೊಡನೆಯೂ ಒಮ್ಮತದಲ್ಲಿದ್ದಾನೆ. ಅಪರಾಜಿತನು ಯಾಪನೀಯನೆಂಬುದು ಹಲವು ವಿದ್ವಾಂಸರ ಮತ. ಎರಡು ಸಂಪ್ರದಾಯಗಳ ನಡುವೆ ಸೇತುವೆಯಂತಿದ್ದ ಆ ಸಂಘದ ಸ್ವಭಾವಕ್ಕೆ ಈ ಮಧ್ಯಸ್ಥಿತಿ ಹೊಂದಿಕೆಯಾಗುತ್ತದೆ. ಇದೊಂದರಿಂದಲೇ ಸಂಪ್ರದಾಯನಿರ್ಣಯ ಸಲ್ಲದು. ಆದರೆ ಇತರ ಪ್ರಮಾಣಗಳೊಡನೆ ಇದನ್ನೂ ಎಣಿಸಬೇಕು. ಕಾಗವಾಡದ ನೆಲಮಾಳಿಗೆಯಲ್ಲಿ ಹೆಸರು ಉಳಿಸಿಹೋದ ಯಾಪನೀಯ ಮುನಿಗಳ ನಿತ್ಯಕ್ರಿಯೆಯ ಸ್ವರೂಪವನ್ನು ಕಲ್ಪಿಸಿಕೊಳ್ಳಲು ಈ ಟೀಕೆಯ ಸಾಲುಗಳು ಒಂದು ಆಧಾರ.

ಪ್ರತಿಗಳನ್ನು ಓದುವವರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಮೂಲಾಚಾರದ ಗಾಥೆಯಲ್ಲಿರುವ ಅಟ್ಠಸದ ಎಂಬ ಪ್ರಾಕೃತ ಪದಕ್ಕೆ ಎಂಟುನೂರು ಎಂದೂ ನೂರೆಂಟು ಎಂದೂ ಅರ್ಥ ಮಾಡಲು ವ್ಯಾಕರಣದ ಅಡ್ಡಿಯಿಲ್ಲ. ವಸುನಂದಿಯ ಆಚಾರವೃತ್ತಿಯು ನೂರೆಂಟೆಂದೇ ಬಿಡಿಸಿದೆ. ದೈವಸಿಕಕ್ಕಿಂತ ಪಾಕ್ಷಿಕ ಸಂಖ್ಯೆ ಹೆಚ್ಚಿರಬೇಕಾದುದರಿಂದಲೂ, ರಾತ್ರಿಕಕ್ಕೆ ಅದರ ಅರ್ಧವೆಂದಿರುವುದು ೫೪ ಆಗಿ ಮಂತ್ರಮಾನಕ್ಕೆ ಸರಿಹೊಂದುವುದರಿಂದಲೂ ವೃತ್ತಿಕಾರರ ಅರ್ಥವೇ ಸಮಂಜಸ.

೫. ಉಚ್ಛ್ವಾಸವೆಂದರೆ ಎಷ್ಟು ಕಾಲ?

ಸಂಖ್ಯೆ ತಿಳಿದರೂ ಮಾನ ತಿಳಿಯದೆ ಕಾಲ ತಿಳಿಯದು. ಆಗಮದ ಕಾಲಗಣನೆಯಲ್ಲಿ ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ಮೂವತ್ತೆಂಟೂವರೆ ಲವಗಳಿಗೆ ಒಂದು ನಾಳಿ, ಎರಡು ನಾಳಿಗಳಿಗೆ ಒಂದು ಮುಹೂರ್ತ. ಹೀಗೆ ಮುಹೂರ್ತಕ್ಕೆ ೩೭೭೩ ಉಚ್ಛ್ವಾಸಗಳು. ಮುಹೂರ್ತವೆಂದರೆ ೪೮ ನಿಮಿಷಗಳಾದುದರಿಂದ ನಿಮಿಷಕ್ಕೆ ಸುಮಾರು ೭೮ ಅಥವಾ ೭೯ ಉಚ್ಛ್ವಾಸಗಳಾಗುತ್ತವೆ. ಸ್ವಸ್ಥನಾದ ವಯಸ್ಕನ ಉಸಿರಾಟ ನಿಮಿಷಕ್ಕೆ ೧೨ರಿಂದ ೨೦ರವರೆಗೆ ಇರುತ್ತದೆ. ಆದ್ದರಿಂದ ಈ ಉಚ್ಛ್ವಾಸವು ನಾಡಿಯ ಮಿಡಿತಕ್ಕೆ ಸಮೀಪವಾಗಿದೆಯೇ ಹೊರತು ನಾವು ಬಲ್ಲ ಉಸಿರಿಗಲ್ಲ.

ಈ ತೊಡಕು ಪ್ರಾಚೀನರ ಗಮನಕ್ಕೂ ಬಂದಿತ್ತು. ಕ್ರಿ.ಶ. ೮೧೬ರಲ್ಲಿ ಧವಲಾ ಟೀಕೆಯನ್ನು ಮುಗಿಸಿದ ವೀರಸೇನಾಚಾರ್ಯರು ದ್ರವ್ಯಪ್ರಮಾಣಾನುಗಮದ ಭಾಗದಲ್ಲಿ, ಮುಹೂರ್ತಕ್ಕೆ ೭೨೦ ಪ್ರಾಣಗಳೆಂದು ಹೇಳುವ ಕೆಲವು ಆಚಾರ್ಯರ ಮತವನ್ನು ಎತ್ತಿಕೊಂಡು, ಅದು ಸೂತ್ರಕ್ಕೆ ವಿರುದ್ಧವೆಂದು ಖಂಡಿಸಿ, ೩೭೭೩ನ್ನೇ ಸ್ಥಾಪಿಸಿದ್ದಾರೆ. ಮೂಡಬಿದಿರೆಯ ತಾಡಪತ್ರಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದು ಬಂದ ಈ ಚರ್ಚೆ ಅಮೂಲ್ಯವಾದುದು. ಏಕೆಂದರೆ ಖಂಡಿತವಾದ ಆ ಪಕ್ಷದ ಪ್ರಕಾರ ನಿಮಿಷಕ್ಕೆ ಸರಿಯಾಗಿ ೧೫ ಉಸಿರುಗಳಾಗುತ್ತವೆ. ಅಹೋರಾತ್ರದ ಮೂವತ್ತು ಮುಹೂರ್ತಗಳಿಗೆ ೨೧,೬೦೦ ಆಗುತ್ತವೆ. ಹಠಯೋಗದ ಗ್ರಂಥಗಳು ದಿನವೊಂದರ ಶ್ವಾಸಗಳಿಗೆ ಹೇಳುವ ಸಂಖ್ಯೆಯೂ ಇದೇ. ಅಂದರೆ ಜೈನಾಚಾರ್ಯರ ನಡುವೆಯೇ ಶರೀರದ ಶ್ವಾಸವನ್ನು ಮಾನವಾಗಿ ಹಿಡಿದ ಒಂದು ಪಕ್ಷ ಒಂಬತ್ತನೆಯ ಶತಮಾನಕ್ಕೂ ಮೊದಲು ಇತ್ತು.

ಕಾಯೋತ್ಸರ್ಗದ ಉಚ್ಛ್ವಾಸ ಇವುಗಳಲ್ಲಿ ಯಾವುದು? ಇದನ್ನು ಗಣಿತದಿಂದಲೇ ಪರೀಕ್ಷಿಸಬಹುದು. ಕಾಲಗಣನೆಯ ಮಾನವನ್ನು ಹಿಡಿದರೆ ೨೭ ಉಚ್ಛ್ವಾಸಗಳು ಸುಮಾರು ೨೦ ಸೆಕೆಂಡುಗಳಲ್ಲಿ ಮುಗಿಯುತ್ತವೆ. ಮಂತ್ರದಲ್ಲಿ ೩೫ ಅಕ್ಷರಗಳಿದ್ದು ಒಂಬತ್ತು ಮಂತ್ರಗಳಿಗೆ ೩೧೫ ಅಕ್ಷರಗಳಾಗುತ್ತವೆ. ಸೆಕೆಂಡಿಗೆ ಹದಿನೈದು ಅಕ್ಷರಗಳನ್ನು ಉಚ್ಚರಿಸಬೇಕಾಗುತ್ತದೆ. ಅರ್ಥಾನುಸಂಧಾನವಿರಲಿ, ಮನಸ್ಸಿನಲ್ಲಿ ಓಡಿಸುವುದೂ ದುಸ್ಸಾಧ್ಯ. ಮಂತ್ರವನ್ನು ಮೂರು ಉಸಿರುಗಳಿಗೆ ಹಂಚಿದ ಕ್ರಮದಲ್ಲಿ ಮೊದಲ ಉಸಿರಿಗೆ ೧೨, ಎರಡನೆಯದಕ್ಕೆ ೧೪, ಮೂರನೆಯದಕ್ಕೆ ೯ ಅಕ್ಷರಗಳು ಬರುತ್ತವೆ. ನಿಮಿಷಕ್ಕೆ ೧೫ರ ಮಾನದಲ್ಲಿ ಒಂದು ಉಸಿರಿಗೆ ನಾಲ್ಕು ಸೆಕೆಂಡುಗಳು ದೊರೆತು ಈ ಅಕ್ಷರಗಳು ಸರಾಗವಾಗಿ ಹಿಡಿಯುತ್ತವೆ. ಆ ಪ್ರಕಾರ ೨೭ ಉಚ್ಛ್ವಾಸಗಳಿಗೆ ಸುಮಾರು ಎರಡು ನಿಮಿಷ, ೧೦೮ಕ್ಕೆ ಏಳು ನಿಮಿಷಕ್ಕೆ ಮೇಲೆ, ೫೦೦ಕ್ಕೆ ಮೂವತ್ತಮೂರು ನಿಮಿಷಗಳಾಗುತ್ತವೆ. ಉಸಿರು ಇನ್ನೂ ಮಂದವಾದರೆ ಕಾಲವೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಶ್ವೇತಾಂಬರರ ಪಾದಮಾನವೂ ಇದಕ್ಕೆ ಸಮೀಪವಾಗಿಯೇ ಇದೆ.

ಆದ್ದರಿಂದ ಕಾಲಗಣನೆಯ ಉಚ್ಛ್ವಾಸ ಬೇರೆ, ಕ್ರಿಯೆಯ ಉಚ್ಛ್ವಾಸ ಬೇರೆ ಎಂದು ತಿಳಿಯುವುದು ಯುಕ್ತ. ಮೊದಲನೆಯದು ನಿಯತವಾದ ಕಾಲಾಂಶ. ಎರಡನೆಯದು ಸಾಧಕನ ನಿಜವಾದ ಉಸಿರು. ಹೀಗೆ ಗ್ರಹಿಸಿದರೆ ವೀರಸೇನರ ಸಿದ್ಧಾಂತಕ್ಕೂ ಬಾಧೆಯಿಲ್ಲ, ಮೂಲಾಚಾರದ ವಿಧಿಗೂ ಬಾಧೆಯಿಲ್ಲ.

೬. ಶ್ವಾಸನಿರೋಧದ ವಿಚಾರ

ಇನ್ನು ಎರಡನೆಯ ಪ್ರಶ್ನೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದ ಧ್ಯಾನಲಕ್ಷಣವನ್ನು ವ್ಯಾಖ್ಯಾನಿಸುವಾಗ ಭಟ್ಟಾಕಲಂಕರು ರಾಜವಾರ್ತಿಕದಲ್ಲಿ ಎರಡು ಪೂರ್ವಪಕ್ಷಗಳನ್ನು ಎತ್ತಿದ್ದಾರೆ. ಪ್ರಾಣಾಪಾನಗಳ ನಿಗ್ರಹವೇ ಧ್ಯಾನವೆಂಬುದು ಮೊದಲನೆಯದು. ಉಸಿರನ್ನು ತಡೆದರೆ ಅದರಿಂದ ಉಂಟಾಗುವ ವೇದನೆ ಹೆಚ್ಚಿ ಶರೀರವೇ ಬೇಗನೆ ಬೀಳುವ ಪ್ರಸಂಗ ಬರುವುದರಿಂದ ಮಂದಮಂದವಾಗಿ ಉಸಿರಾಡುವವನಿಗೇ ಧ್ಯಾನ ಯುಕ್ತವೆಂಬುದು ಅವರ ಸಮಾಧಾನ. ಮಾತ್ರೆಗಳ ಎಣಿಕೆಯೇ ಧ್ಯಾನವೆಂಬುದು ಎರಡನೆಯ ಪೂರ್ವಪಕ್ಷ. ಎಣಿಕೆಯಲ್ಲಿ ಚಿತ್ತವು ವ್ಯಗ್ರವಾಗುವುದರಿಂದ ಅದೂ ಧ್ಯಾನವಲ್ಲವೆಂದು ಅವರು ತಳ್ಳಿಹಾಕುತ್ತಾರೆ. ಆವಶ್ಯಕನಿರ್ಯುಕ್ತಿಯೂ ಕಾಯೋತ್ಸರ್ಗದಲ್ಲಿ ಉಸಿರನ್ನು ತಡೆಯಲಾಗದೆಂದೂ ಯತ್ನಾಚಾರದಿಂದ ಸೂಕ್ಷ್ಮವಾಗಿ ಉಸಿರಾಡಬೇಕೆಂದೂ ವಿಧಿಸುತ್ತದೆ. ಉಸಿರಾಟ, ಕೆಮ್ಮು, ಸೀನು, ಆಕಳಿಕೆಗಳನ್ನು ಅಪವಾದಗಳೆಂದು ಮೊದಲೇ ಬಿಟ್ಟುಕೊಟ್ಟಿರುವುದೂ ಇದೇ ವಿವೇಕದಿಂದ.

ಇಲ್ಲೊಂದು ಆಕ್ಷೇಪ ಏಳಬಹುದು. ಎಣಿಕೆ ಧ್ಯಾನವಲ್ಲವಾದರೆ ಮೂಲಾಚಾರವು ಉಚ್ಛ್ವಾಸಗಳನ್ನು ಎಣಿಸುವುದೇಕೆ? ಉತ್ತರವು ವಿಧಿಯ ಸ್ವರೂಪದಲ್ಲಿಯೇ ಇದೆ. ಉಚ್ಛ್ವಾಸಸಂಖ್ಯೆ ಕಾಯೋತ್ಸರ್ಗದ ಪ್ರಮಾಣವೇ ಹೊರತು ಧ್ಯಾನದ ವಿಷಯವಲ್ಲ. ಆ ಪ್ರಮಾಣದೊಳಗೆ ಧರ್ಮಧ್ಯಾನವನ್ನು ಮಾಡಬೇಕು. ಸಾಧಕನು ಒಂದು ಎರಡು ಎಂದು ಅಂಕಿಗಳನ್ನು ಎಣಿಸುವುದಿಲ್ಲ. ಪರಮೇಷ್ಠಿಗಳ ಪದಗಳನ್ನು ಉಸಿರ ಮೇಲೆ ಸ್ಮರಿಸುತ್ತಾನೆ. ಎಣಿಕೆ ತಾನಾಗಿ ಆಗುತ್ತದೆ, ಚಿತ್ತ ಪರಮೇಷ್ಠಿಗಳಲ್ಲಿರುತ್ತದೆ. ಅಕಲಂಕರು ನಿರಾಕರಿಸಿದ ವ್ಯಗ್ರತೆಯನ್ನು ಮಂತ್ರಮಾನವು ಹೀಗೆ ಪರಿಹರಿಸಿದೆ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದ ಇಪ್ಪತ್ತೊಂದನೆಯ ಪರ್ವದಲ್ಲಿ ಇದೇ ಹಾದಿಯನ್ನು ಹಿಡಿದಿದ್ದಾರೆ. ಅತಿತೀವ್ರವಾದ ಪ್ರಾಣಾಯಾಮದಿಂದ ವಶವಾಗದ ಮನಸ್ಸು ವ್ಯಾಕುಲಗೊಳ್ಳುವುದರಿಂದ ಮಂದವಾದ ಉಚ್ಛ್ವಾಸವೇ ಲೇಸೆಂದು ಹೇಳಿ, ಪ್ರಾಣಾಯಾಮವೆಂಬ ಶಬ್ದಕ್ಕೆ ಮನೋವಾಕ್ಕಾಯಗಳೆಂಬ ಯೋಗಗಳ ನಿಗ್ರಹವೆಂದೇ ಅರ್ಥ ಮಾಡಿದ್ದಾರೆ. ಶುಭಚಂದ್ರರ ಜ್ಞಾನಾರ್ಣವವು ಪೂರಕ, ಕುಂಭಕ, ರೇಚಕಗಳನ್ನೂ ವಾಯುಮಂಡಲಗಳನ್ನೂ ವಿಸ್ತಾರವಾಗಿ ವರ್ಣಿಸಿ, ಮುಂದಿನ ಪ್ರತ್ಯಾಹಾರದ ಪ್ರಕರಣದಲ್ಲಿ ಮುಕ್ತಿಯನ್ನು ಬಯಸುವವನಿಗೆ ಅದು ಚಿತ್ತಕ್ಷೋಭವನ್ನು ತರುವುದೆಂದು ಎಚ್ಚರಿಸುತ್ತದೆ. ಹೇಮಚಂದ್ರರೂ (೧೦೮೮-೧೧೭೨) ಯೋಗಶಾಸ್ತ್ರದ ಐದನೆಯ ಪ್ರಕಾಶದಲ್ಲಿ ಪ್ರಾಣಾಯಾಮವನ್ನು ದೀರ್ಘವಾಗಿ ನಿರೂಪಿಸಿ ಆರನೆಯದರಲ್ಲಿ ಅದರಿಂದ ಪೀಡಿತವಾದ ಮನಸ್ಸಿಗೆ ಸ್ವಾಸ್ಥ್ಯವಿಲ್ಲವೆಂದಿದ್ದಾರೆ. ಇಬ್ಬರಲ್ಲಿಯೂ ಕಾಣುವ ಈ ವರ್ಣನೆ-ನಿರಾಕರಣೆಗಳ ಜೋಡಿ ಆ ಶತಮಾನಗಳಲ್ಲಿ ಹಠಯೋಗದ ಪ್ರಭಾವ ಎಷ್ಟು ಬಲವಾಗಿತ್ತು, ಮತ್ತು ನಮ್ಮ ಆಚಾರ್ಯರು ಅದನ್ನು ತಿಳಿದೂ ಎಲ್ಲಿ ಗೆರೆ ಎಳೆದರು ಎಂಬುದಕ್ಕೆ ಸಾಕ್ಷಿ.

ಯೋಗೀಂದುವಿನ ಪರಮಾತ್ಮಪ್ರಕಾಶದಲ್ಲಿ ಮೂಗಿನಿಂದ ಹೊರಟ ಉಸಿರು ಅಂಬರದಲ್ಲಿ ಲಯವಾಗುವ ಪ್ರಸ್ತಾಪ ಬರುತ್ತದೆ. ಟೀಕಾಕಾರ ಬ್ರಹ್ಮದೇವನು ಅಂಬರವೆಂದರೆ ಆಕಾಶವಲ್ಲ, ನಿರ್ವಿಕಲ್ಪ ಸಮಾಧಿಯೆಂದು ಅರ್ಥಹೇಳಿ, ಇದು ಪ್ರಯತ್ನಪೂರ್ವಕವಾದ ವಾಯುಧಾರಣೆಯಲ್ಲ, ಸಮಾಧಿಯಲ್ಲಿ ತಾನಾಗಿ ಆಗುವ ಶ್ವಾಸಲಯವೆಂದು ಸ್ಪಷ್ಟಪಡಿಸುತ್ತಾನೆ. ಈ ಗ್ರಂಥವನ್ನು ಕನ್ನಡ ಲಿಪಿಯ ಪ್ರತಿಗಳನ್ನೂ ಬಳಸಿಕೊಂಡು ೧೯೩೭ರಲ್ಲಿ ಸಂಪಾದಿಸಿಕೊಟ್ಟವರು ಸದಲಗಾದ ಉಪಾಧ್ಯೆಯವರೇ. ನಮ್ಮ ರತ್ನಾಕರವರ್ಣಿಯು ದಶವಾಯುಗಳನ್ನು ಸಾಧಿಸಿದ್ದನೆಂಬ ಐತಿಹ್ಯವನ್ನು ಈ ಗೆರೆಯ ಎದುರಿಗಿಟ್ಟು ನೋಡಬೇಕು. ವಾಯುಸಾಧನೆ ಜನಮನದಲ್ಲಿ ಬೆರಗನ್ನು ಹುಟ್ಟಿಸಿತು. ಆದರೆ ಆಚಾರಗ್ರಂಥಗಳು ಅದನ್ನು ಶ್ರಾವಕನ ನಿತ್ಯವಿಧಿಯಲ್ಲಿ ಸೇರಿಸಲಿಲ್ಲ.

೭. ತಿತಿಕ್ಷೆಯ ನಿದರ್ಶನಗಳು

ಭಗವತೀ ಆರಾಧನೆಯ ಪರಂಪರೆಯಿಂದ ಬೆಳೆದ ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಉಪಸರ್ಗಗಳನ್ನು ಗೆದ್ದವರ ಕಥೆಗಳು. ಅತ್ಯಂತ ಸುಕುಮಾರನಾಗಿ ಬೆಳೆದವನು ನರಿಯು ತನ್ನ ದೇಹವನ್ನು ತಿನ್ನುತ್ತಿರುವಾಗ ಅಲುಗದೆ ಉಳಿದ ಸುಕುಮಾರಸ್ವಾಮಿಯ ಕಥೆ ಇವುಗಳಲ್ಲಿ ಪ್ರಥಮ. ತಾಳಿಕೆಯೆಂಬುದು ಹುಟ್ಟಿನ ಗಟ್ಟಿತನವಲ್ಲ, ಸಾಧನೆಯಿಂದ ಬರುವುದು ಎಂಬುದನ್ನೇ ಆ ಆಯ್ಕೆ ಸೂಚಿಸುತ್ತದೆ. ಉಪಸರ್ಗದ ದಿನ ಒದಗುವ ಧೈರ್ಯಕ್ಕೆ ನಿತ್ಯದ ೧೦೮ ಮತ್ತು ೫೪ ಉಚ್ಛ್ವಾಸಗಳೇ ಪೂರ್ವಾಭ್ಯಾಸ.

ಈ ಪ್ರದೇಶದ ಸಮೀಪದ ಇತಿಹಾಸದಲ್ಲಿಯೂ ಇದಕ್ಕೆ ನಿದರ್ಶನವಿದೆ. ೧೯೨೦ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನು ಪಡೆದ ಶಾಂತಿಸಾಗರರು ಗೋಕಾಕ ಸಮೀಪದ ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಮೇಲೆ ಹರಿದರೂ ಅವರು ಕದಲಲಿಲ್ಲವೆಂದು ಅವರ ಚರಿತ್ರಕಾರರು ದಾಖಲಿಸಿದ್ದಾರೆ. ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವ್ರತವನ್ನು ಕೈಗೊಂಡು ಮೂವತ್ತಾರು ದಿನಗಳ ಅನಂತರ, ಸೆಪ್ಟೆಂಬರ್ ೧೮ರಂದು, ಸಮಾಧಿಮರಣವನ್ನು ಹೊಂದಿದರು. ಅದಕ್ಕೆ ಹತ್ತು ದಿನಗಳ ಹಿಂದೆ, ಸೆಪ್ಟೆಂಬರ್ ೮ರಂದು, ಮರಾಠಿಯಲ್ಲಿ ಕೊಟ್ಟ ಅವರ ಅಂತಿಮ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಗಿತ್ತು. ಆತ್ಮಚಿಂತನೆಗೆ ಆರು ಘಳಿಗೆ ಉತ್ತಮ, ನಾಲ್ಕು ಮಧ್ಯಮ, ಎರಡು ಜಘನ್ಯವೆಂದು ಶಾಸ್ತ್ರಮರ್ಯಾದೆಯನ್ನು ಹೇಳಿ, ಅದೂ ಆಗದಿದ್ದರೆ ಹತ್ತು ಹದಿನೈದು ನಿಮಿಷ, ಕೊನೆಗೆ ಐದು ನಿಮಿಷವಾದರೂ ಮಾಡಿರೆಂದು ಅವರು ಗೃಹಸ್ಥರನ್ನು ಬೇಡಿಕೊಂಡರು. ಸದಲಗಾದ ವಿದ್ಯಾಸಾಗರರೂ ೨೦೨೪ರ ಫೆಬ್ರವರಿ ೧೮ರಂದು ಡೊಂಗರಗಢದಲ್ಲಿ ಸಲ್ಲೇಖನಪೂರ್ವಕವಾಗಿ ದೇಹವನ್ನು ಬಿಟ್ಟರು.

ಆಧುನಿಕ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಬಹುದು. ಇಟಲಿಯ ವೈದ್ಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತಮೂರು ಮಂದಿ ಸ್ವಸ್ಥ ವಯಸ್ಕರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಒಂದು ಯೋಗಮಂತ್ರವನ್ನೂ ಪಠಿಸಿದಾಗ ಅವರ ಉಸಿರು ತಾನಾಗಿ ನಿಮಿಷಕ್ಕೆ ಆರರ ಸಮೀಪಕ್ಕೆ ಇಳಿದು, ರಕ್ತದೊತ್ತಡವನ್ನು ಸಮತೋಲದಲ್ಲಿಡುವ ನರವ್ಯವಸ್ಥೆಯ ಸ್ಪಂದನ ಹೆಚ್ಚಿತೆಂದು ಕಂಡುಬಂದಿತು. ಉಸಿರನ್ನು ಬಲಾತ್ಕಾರವಾಗಿ ತಡೆದುದರಿಂದಲ್ಲ, ಪಾಠದ ಲಯಕ್ಕೆ ಒಗ್ಗಿಸಿದುದರಿಂದ ಆದ ಪರಿಣಾಮವಿದು. ಪಂಚನಮಸ್ಕಾರವನ್ನು ಕುರಿತ ಪರೀಕ್ಷೆ ಇದಲ್ಲವಾದರೂ ಪಾಠವನ್ನೇ ಶ್ವಾಸದ ಮಾನವಾಗಿಸಿದ ನಮ್ಮ ಕ್ರಮಕ್ಕೆ ಇದು ದೂರದ ನಿದರ್ಶನವಾಗಬಲ್ಲುದು. ಶ್ವೇತಾಂಬರ ತೇರಾಪಂಥದಲ್ಲಿ ೧೯೭೫ರಲ್ಲಿ ರೂಪುಗೊಂಡ ಪ್ರೇಕ್ಷಾಧ್ಯಾನವು ಕಾಯೋತ್ಸರ್ಗ ಮತ್ತು ಶ್ವಾಸಪ್ರೇಕ್ಷೆಗಳನ್ನು ಜನಸಾಮಾನ್ಯರಿಗೆ ಕಲಿಸುತ್ತ ಬಂದಿರುವುದೂ ಉಲ್ಲೇಖನೀಯ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಅಂಶಗಳು ಇವು. ಕಾಯೋತ್ಸರ್ಗವು ಪ್ರಾಣಾಯಾಮವಲ್ಲ, ಅಲ್ಲಿ ಶ್ವಾಸದ ನಿರೋಧವಿಲ್ಲ. ಆದರೂ ಶ್ವಾಸದ ಅವಲಂಬನ ಅದಕ್ಕೆ ಹೊರಗಿನದಲ್ಲ. ಅದರ ಪ್ರಮಾಣವೇ ಉಚ್ಛ್ವಾಸ. ಆ ಉಚ್ಛ್ವಾಸವು ಕಾಲಗಣನೆಯ ಸೂಕ್ಷ್ಮಾಂಶವಾಗಿರದೆ ಮಂತ್ರದಿಂದಲೋ ಸ್ತವದಿಂದಲೋ ಅಳೆಯಲ್ಪಟ್ಟ, ಮಂದವಾದ, ಸಹಜವಾದ ಉಸಿರು. ಮೂಲಾಚಾರದ ಪಟ್ಟಿಯಲ್ಲಿ ಈ ಎರಡು ಮಾನಗಳೂ ಬೆರೆತಿವೆ. ಅಪರಾಜಿತನ ಪಟ್ಟಿಯಲ್ಲಿ ಸ್ತವಮಾನದ ಸಂಖ್ಯೆಗಳೇ ಇವೆ.

ಇದರಿಂದ ನಿತ್ಯಕ್ರಿಯೆಗೂ ಒಂದು ಮಾರ್ಗದರ್ಶನ ದೊರೆಯುತ್ತದೆ. ಒಂಬತ್ತು ಜಾಪ್ಯಗಳನ್ನು ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿಸುವುದು ವಿಧಿಯ ಲೋಪ. ಇಪ್ಪತ್ತೇಳು ಉಸಿರುಗಳನ್ನು ಉಸಿರುಗಳಾಗಿಯೇ ಬಿಟ್ಟರೆ ಎರಡು ನಿಮಿಷ ಬೇಕು. ನಿಮಿಷಕ್ಕೆ ಆರರಂತೆ ಮಂದಗೊಂಡರೆ ನಾಲ್ಕೂವರೆ ನಿಮಿಷಗಳಾಗುತ್ತವೆ. ಭೋಜ ಗ್ರಾಮದ ಆ ಆಚಾರ್ಯರು ಕೊನೆಯ ದಿನಗಳಲ್ಲಿ ಗೃಹಸ್ಥರಿಂದ ಕೇಳಿದ ಐದು ನಿಮಿಷಗಳಿಗೆ ಇದು ಸರಿಹೊಂದುತ್ತದೆ. ೨೦೧೯ರ ಮಹಾಪೂರದಲ್ಲಿ ಕೃಷ್ಣಾ-ದೂಧಗಂಗೆಯ ದಂಡೆಯ ಒಕ್ಕಲುಮಕ್ಕಳು ಮನೆಮಾರು, ಬೆಳೆಗಳನ್ನು ಕಳೆದುಕೊಂಡರು. ಅಂಥವರ ಮುಂದೆ ಶಾಸ್ತ್ರವು ಇಡಬಲ್ಲ ಸಾಧನ ವಿಶೇಷ ಆಸನವನ್ನಾಗಲಿ ದುಬಾರಿ ಶಿಬಿರವನ್ನಾಗಲಿ ಕೇಳುವುದಿಲ್ಲ. ನಿಲ್ಲಲಾರದವರು ಕುಳಿತೇ ಮಾಡಬಹುದು.

ಈ ಭಾಗದ ಬಸದಿಗಳಲ್ಲಿಯೂ ಉಪಾಧ್ಯೆ ಮನೆತನಗಳಲ್ಲಿಯೂ ಇರುವ ಪ್ರತಿಕ್ರಮಣ, ಕ್ರಿಯಾಕಲಾಪ, ಸಾಮಾಯಿಕ ಪಾಠಗಳ ಹಸ್ತಪ್ರತಿಗಳನ್ನು ಪರಿಶೀಲಿಸುವವರು ಸ್ತೋತ್ರಪಾಠಗಳನ್ನು ಮಾತ್ರವಲ್ಲದೆ ನಡುನಡುವೆ ಬರುವ ಜಾಪ್ಯಸಂಖ್ಯೆ, ಉಚ್ಛ್ವಾಸಸಂಖ್ಯೆಗಳ ಸೂಚನೆಗಳನ್ನೂ ತಪ್ಪದೆ ನಕಲು ಮಾಡಿಕೊಳ್ಳಬೇಕು. ಸಂಪಾದಕರು ಸಾಮಾನ್ಯವಾಗಿ ಕ್ರಿಯಾಸೂಚನೆಗಳೆಂದು ಕೈಬಿಡುವ ಆ ಅಂಕಿಗಳಲ್ಲಿ ಮಂತ್ರಮಾನ ಸ್ತವಮಾನಗಳ ಇತಿಹಾಸ ಅಡಗಿದೆ. ಇಪ್ಪತ್ತೈದರ ಗುಣಕವೊಂದು ದಿಗಂಬರ ಪ್ರತಿಯಲ್ಲಿ ದೊರೆತರೆ ಅದನ್ನು ಲಿಪಿಕಾರನ ಪ್ರಮಾದವೆಂದು ತಿದ್ದದೆ ಹಾಗೆಯೇ ಉಳಿಸಿ ಸ್ಥಳವನ್ನು ಗುರುತಿಸಬೇಕೆಂದು ವಿದ್ವಜ್ಜನರಲ್ಲಿ ವಿನಂತಿ.